ಆಟಿ ಕಳೆದು ಬಂದ ಪೂಡಲ್ ಮರಿ

ನಮ್ಮ ಕಡಬದ ಮನೆಯಲ್ಲಿ ನಾಯಿಗಳಿಗೆ ಎಂದೂ ಕೊರತೆಯಿರಲಿಲ್ಲ. ಆದರೆ ಆರಿಸಿ ತಂದ ನಾಯಿ ಅಂತ ಒಂದೂ ಇರಲಿಲ್ಲ. ನಮ್ಮಲ್ಲಿ ನಾಯಿಯನ್ನು ಯಾರೂ ಆರಿಸುವುದಿಲ್ಲ, ಅದು ತಾನಾಗಿ ಬರುತ್ತದೆ. ಯಾರೋ ಗೋಣಿಚೀಲದಲ್ಲಿ ತಂದು ಗೇಟಿನ ಹತ್ತಿರ ಬಿಟ್ಟು ಹೋಗುತ್ತಾರೆ. ಇಲ್ಲವೇ ಮಳೆಗೆ ಹೆದರಿ ಅಂಗಡಿಯ ಜಗಲಿ ಹತ್ತಿದ್ದು ಮಳೆ ಬಿಟ್ಟ ಮೇಲೂ ಇಳಿಯುವುದಿಲ್ಲ. ಮನೆಯ ಮುಂದೆಯೇ ನನ್ನ ಗಂಡನ ಪಂಪ್‌ಸೆಟ್ ರಿಪೇರಿ ಅಂಗಡಿ. ಹಾಗೆ ಹತ್ತಿದ ನಾಯಿಗಳಿಗೆಲ್ಲ ಅನ್ನ ಕಲಸಿ ಹಾಕಿ, ಅವು ತಿನ್ನುವಷ್ಟು ಹೊತ್ತೂ ಇವರು ಅವುಗಳ ಜೊತೆ ಮಾತಾಡುತ್ತ ಕೂರುತ್ತಿದ್ದರು.

ಮಾತು ಎಂದರೆ ಇವರದೇ. ಗಿರಾಕಿಗಳ ಜೊತೆ ತುಳು, ಮಲಯಾಳದವರು ಬಂದರೆ ಮಲಯಾಳ, ನನ್ನ ಜೊತೆ ಕನ್ನಡ. ನಾನು ಇಚಿಲಂಪಾಡಿಯ ತುಳು ಮನೆಯವಳು, ಇವರು ಮರ್ಕಂಜದವರು, ಮನೆಮಾತು ಅರೆಭಾಷೆ ಎಂಬ ಕನ್ನಡ. ತುಳು ಇವರಿಗೆ ನನ್ನಷ್ಟೇ ಚೆನ್ನಾಗಿ ಬರುತ್ತಿತ್ತು, ಆದರೂ ಮದುವೆಯಾದ ಹೊಸತರಲ್ಲಿ, "ಕನ್ನಡ ಟೀಚರ ಹತ್ರ ತುಳು ಮಾತಾಡಿದ್ರೆ ಮಾರ್ಕ್ ಕಮ್ಮಿ ಸಿಗುದು" ಎಂದು ತಮಾಷೆ ಮಾಡಿ ಕನ್ನಡ ಹಿಡಿದವರು ಮತ್ತೆ ಬಿಡಲಿಲ್ಲ. ಬೇಸಿಗೆಯಲ್ಲಿ ಎಲ್ಲಾದರೂ ಕಬಡ್ಡಿ ಪಂದ್ಯ ಇದ್ದರೆ ಮೈಕ್ ಹಿಡಿದು ವೀಕ್ಷಕ ವಿವರಣೆ ಕೊಡಲು ಹೋಗುತ್ತಿದ್ದರು. ಅಲ್ಲಿ ಎಲ್ಲ ಭಾಷೆಯೂ ಬೆರೆಸಿ ಹೊಡೆಯುವುದು. ತಮ್ಮ ಸ್ವಂತ ಅರೆಭಾಷೆಯನ್ನು ಮಾತ್ರ ಇವರು ಇಟ್ಟುಕೊಂಡದ್ದು ಮರ್ಕಂಜದ ಅಕ್ಕನಿಗೆ ಮತ್ತು ನಾಯಿಗಳಿಗೆ. ನನಗೆ ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಮಾತು ಒಂದು ಏಪ್ರಿಲಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ನಿಂತಿತು. ಬ್ರಶ್ ಬಿದ್ದ ಸದ್ದಿಗೆ ನಾನು ಹೋಗಿ ನೋಡಿದರೆ ಇವರು ಗೋಡೆಗೆ ಒರಗಿ ಬಲಗೈಯನ್ನು ಎಡಗೈಯಿಂದ ಎತ್ತಿ ನೋಡುತ್ತಿದ್ದರು. ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗಾಲು ಎಳೆದುಕೊಂಡು ನಡೆಯುವಷ್ಟಾಗಿತ್ತು. ನಾಲ್ಕು ಕಾಲಿನ ಕಬ್ಬಿಣದ ಕೋಲೊಂದು ಜೊತೆಗೆ ಬಂತು. ಮಾತು ಮಾತ್ರ ಬರಲಿಲ್ಲ. ಇಷ್ಟು ಭಾಷೆಗಳಲ್ಲಿ ಉಳಿದದ್ದು ಒಂದೇ ಪದ, 'ಉಂಟು'. ಹಸಿವಾಗಿದೆಯಾ ಎಂದರೆ ಉಂಟು, ಇಲ್ಲವಾ ಎಂದರೆ ಉಂಟು, ಸಿಟ್ಟು ಬಂದಾಗ ಉಂಟು ಉಂಟು ಉಂಟು ಎಂದು ಎಡಗೈಯಿಂದ ಮೇಜು ಬಡಿಯುವುದು. ನಾವು ಹೇಳುವುದೆಲ್ಲ ಇವರಿಗೆ ಅರ್ಥವಾಗುತ್ತಿತ್ತು. ಹೇಳಬೇಕಾದದ್ದೂ ಒಳಗೆ ತಯಾರಿರುತ್ತಿತ್ತು. ಹೊರಗೆ ಬರುವಾಗ ಮಾತ್ರ ಎಲ್ಲವೂ 'ಉಂಟು' ಆಗುತ್ತಿತ್ತು, ಆದದ್ದು ಇವರಿಗೇ ಕೇಳಿಸುತ್ತಿತ್ತು ಕೂಡ. ಬಂಧುಗಳು ನೋಡಲು ಬಂದಾಗ ಬಾಯಿ ಬಿಗಿದು ಕೂರುವುದನ್ನು ಕಲಿತುಬಿಟ್ಟರು.

ವಾರಕ್ಕೊಮ್ಮೆ ಪುತ್ತೂರಿಗೆ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೆವು. ನನ್ನ ಮಗಳು ಅಲ್ಲೇ ಬಿ.ಎಡ್. ಓದುತ್ತಿದ್ದಳು, ಅಂಗಡಿಯ ವ್ಯಾನ್ ಬಿಡುವುದೂ ಅವಳೇ. ಮಾತು ಕಲಿಸುವ ಹುಡುಗಿ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು. ಚಿತ್ರ ತೋರಿಸುವುದು, ತುಟಿ ನೋಡಿಸುವುದು, ಕನ್ನಡಿ ಹಿಡಿಯುವುದು, ಎಲ್ಲ ಮಾಡಿದಳು. ಇವರು ಗೋಡೆ ನೋಡುತ್ತ ಕೂರುತ್ತಿದ್ದರು. ಮೂವತ್ತು ವರ್ಷ ಬೇರೆಯವರ ಮಕ್ಕಳಿಗೆ ಅಕ್ಷರ ಕಲಿಸಿದವಳು ನಾನು, ಗಂಡನ ಬಾಯಿಂದ ಒಂದು 'ಅಮ್ಮ' ಹೊರಡಿಸಲು ಆಗುತ್ತಿಲ್ಲವಲ್ಲ ಎಂದು ಅವಳ ಎದುರೇ ಅತ್ತದ್ದೂ ಉಂಟು.

ಒಂದು ದಿನ ಅವಳು ನನ್ನನ್ನು ಹೊರಗೆ ಕರೆದಳು.

"ಅಂಕಲಿಗೆ ನಾಚಿಕೆ ಆಂಟಿ, ಅದೇ ದೊಡ್ಡ ತೊಂದರೆ. ತಪ್ಪು ಬರ್ತದೆ ಅಂತ ಬಾಯಿಯೇ ತೆರೆಯುದಿಲ್ಲ. ಶುರುವಿನ ಕೆಲವು ತಿಂಗಳಲ್ಲಿ ಬಂದಷ್ಟು ಮತ್ತೆ ಬರುದು ಕಷ್ಟ. ಮನೆಯಲ್ಲಿ ಸಣ್ಣ ಮಕ್ಕಳು ಯಾರಾದ್ರೂ ಉಂಟಾ? ಇಲ್ಲ ನಾಯಿ, ಬೆಕ್ಕು?"

ನಾಯಿ ಎಂದ ಕೂಡಲೇ ಒಳಗೆ ಕುಳಿತಿದ್ದ ಇವರು ಬಾಗಿಲ ಕಡೆ ತಿರುಗಿದ್ದನ್ನು ನಾನು ನೋಡಿದೆ. ನಮ್ಮ ಕೊನೆಯ ನಾಯಿ ಅದಕ್ಕೆ ಹಿಂದಿನ ವರ್ಷವೇ ಮುದಿಯಾಗಿ ಸತ್ತಿತ್ತು. ಆ ಹುಡುಗಿಯ ಲೆಕ್ಕ ನನಗೆ ತಟ್ಟನೆ ಸರಿ ಅನ್ನಿಸಿತು. ಮನುಷ್ಯರ ಎದುರು ತಪ್ಪು ಮಾತಾಡಲು ನಾಚಿಕೆ, ನಾಯಿಯ ಎದುರು ಎಂತ ನಾಚಿಕೆ? ಇವರು ತಮ್ಮ ಮೂಲ ಭಾಷೆಯಲ್ಲಿ ಮಾತಾಡುತ್ತಿದ್ದದ್ದೇ ನಾಯಿಗಳ ಜೊತೆ.

ಹಾಗೆ ನಮ್ಮ ಮನೆಯಲ್ಲಿ ಮೊದಲ ಬಾರಿ ನಾಯಿ ಆರಿಸುವ ಕೆಲಸ ಶುರುವಾಯಿತು. ಊರ ಮರಿ ತಂದರಾಯಿತು ಎಂದು ನಾನು, ಬೇಡವೆಂದು ಮಗಳು. ಊರ ನಾಯಿ ಬೆಳೆದು ಮೈಮೇಲೆ ಹಾರಿದರೆ ಅಪ್ಪ ಬೀಳುತ್ತಾರೆ. ಅಂಗಳದಲ್ಲಿ ಕಟ್ಟಿ ಹಾಕುವುದಾದರೆ ತಂದು ಪ್ರಯೋಜನವಿಲ್ಲ, ಅಪ್ಪ ಇರುವುದು ಒಳಗೆ. ಒಳಗಿಟ್ಟರೆ ರೋಮ ಉದುರಿ ಊಟದ ತಟ್ಟೆಗೆ ಬೀಳುತ್ತದೆ, ಮೊದಲೇ ಅಪ್ಪನಿಗೆ ನುಂಗುವುದು ಕಷ್ಟ. ಇಷ್ಟನ್ನೆಲ್ಲ ಕೂಡಿಸಿ ಕಳೆದು ಅವಳು ಮೊಬೈಲಿನಲ್ಲಿ ತೋರಿಸಿದ್ದು ಗುಂಗುರು ಕೂದಲಿನ ಒಂದು ನಾಯಿ. ಮಿನಿಯೇಚರ್ ಪೂಡಲ್ ಅಂತೆ. ಸಣ್ಣದು, ರೋಮ ಉದುರುವುದು ಕಡಿಮೆ, ಹೇಳಿದ್ದನ್ನು ಬೇಗ ಕಲಿಯುತ್ತದೆ, ಮನೆಯವರನ್ನು ಬಿಟ್ಟು ಇರುವುದಿಲ್ಲ. ನನಗೆ ಅದು ನಾಯಿಯಂತೆಯೇ ಕಾಣಲಿಲ್ಲ. ಮದುವೆಮನೆಗೆ ಹೊರಟ ಹೆಂಗಸಿನ ಹಾಗೆ ಕಾಣುತ್ತದಲ್ಲ ಮಾರಾಯ್ತಿ ಎಂದೆ. ಇವರು ಮೊಬೈಲನ್ನು ಎಡಗೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. ಬಾಯಿ ಒಂದು ಕಡೆಗೆ ಮಾತ್ರ ಹೋಗುವ ಆ ನಗು ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು.

ಇಲ್ಲೇ ನಮ್ಮ ಕಡೆಯ ಸವಣೂರಿನ ಹತ್ತಿರ ನಿವೃತ್ತ ಗಣಿತದ ಟೀಚರೊಬ್ಬರು ಈ ಜಾತಿಯ ನಾಯಿಗಳನ್ನು ಸಾಕುತ್ತಾರೆ ಎಂದು ನನ್ನ ಶಾಲೆಯವರೇ ಯಾರೋ ಹೇಳಿದರು. ಜುಲೈ ತಿಂಗಳ ಮೂರನೇ ವಾರ, ಜಡಿಮಳೆ. ಮೂವರೂ ಹೋದೆವು. ಮೆಟ್ಟಿಲು ಪಾಚಿಗಟ್ಟಿ ಜಾರುತ್ತಿದ್ದರಿಂದ ಕೋಲನ್ನು ವ್ಯಾನಿನಲ್ಲೇ ಬಿಟ್ಟು, ಮಗಳೊಂದು ಕಡೆ ನಾನೊಂದು ಕಡೆ ಹಿಡಿದು ಇವರನ್ನು ಹತ್ತಿಸಿ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂರಿಸಿದೆವು.

ನಾವು ಮರಿ ನೋಡಲು ಹೋದದ್ದು, ಆದರೆ ಪರೀಕ್ಷೆ ನಡೆದದ್ದು ನಮಗೆ. ಹಗಲು ಮನೆಯಲ್ಲಿ ಯಾರಿರುತ್ತಾರೆ, ದಿನಾ ಬಾಚುವವರು ಯಾರು, ಮಳೆಗಾಲದಲ್ಲಿ ಕೂದಲು ಒದ್ದೆಯಾಗಿ ಗಂಟು ಕಟ್ಟಿದರೆ ಏನು ಮಾಡುತ್ತೀರಿ, ಟೀಚರ್ ಒಂದೊಂದಾಗಿ ಕೇಳಿದರು. "ಉದುರುದಿಲ್ಲ ಅಂತ ಎಲ್ಲರೂ ಖುಷಿಯಲ್ಲಿ ತಕೊಂಡು ಹೋಗ್ತಾರೆ. ಉದುರದೆ ಅಲ್ಲೇ ಬೆಳೀತದಲ್ಲ, ಅದು ಯಾರಿಗೂ ಬೇಡ" ಎಂದರು. ಆಮೇಲೆ ತಾಯಿ ನಾಯಿಯನ್ನು ಕರೆತಂದು ತೋರಿಸಿದರು. ತಾಯಿಯ ಎತ್ತರ ನೋಡಿದರೆ ಮರಿ ಎಷ್ಟು ಬೆಳೆಯುತ್ತದೆಂದು ಅಂದಾಜಾಗುತ್ತದೆ, ಅದರ ಗುಣ ನೋಡಿದರೆ ಮರಿಯ ಗುಣವೂ ಸ್ವಲ್ಪ ತಿಳಿಯುತ್ತದೆ ಎಂದರು. ತಾಯಿ ಬಂದು ನಮ್ಮನ್ನೆಲ್ಲ ಮೂಸಿ, ಇವರ ಬಲಗಾಲನ್ನು ಬೇರೆಯವರದಕ್ಕಿಂತ ಹೆಚ್ಚು ಹೊತ್ತು ಮೂಸಿ, ಒಳಗೆ ಹೋಯಿತು.

ಮರಿಗಳು ಜಗಲಿಯ ಮೂಲೆಯಲ್ಲಿ ಹಳೆಯ ಪೇಪರ್ ಹಾಸಿದ ಬೇಲಿಯೊಳಗಿದ್ದವು. ಮಗಳು ಎಲ್ಲ ಓದಿಕೊಂಡು ಬಂದಿದ್ದಳು. ಕಣ್ಣು, ಕಿವಿ, ಹಲ್ಲು ನೋಡಿದಳು. ಚಪ್ಪಾಳೆ ತಟ್ಟಿ ಯಾವುದು ಬರುತ್ತದೆ, ಯಾವುದು ಓಡುತ್ತದೆ ಎಂದು ಗಮನಿಸಿದಳು. ಒಂದೊಂದನ್ನೇ ತೊಡೆಯ ಮೇಲೆ ಅಂಗಾತ ಮಲಗಿಸಿ ಒದ್ದಾಡುತ್ತದೋ ಸುಮ್ಮನಿರುತ್ತದೋ ಪರೀಕ್ಷಿಸಿದಳು. ಬೆಲ್ಲದ ಬಣ್ಣದ ಒಂದು ಮರಿ ಎಲ್ಲದರಲ್ಲೂ ಪಾಸಾಯಿತು. ಹೆದರಿಕೆ ಇಲ್ಲ, ಕಚ್ಚುವುದಿಲ್ಲ, ಅವಳ ಚೂಡಿದಾರದ ಶಾಲು ಹಿಡಿದು ಎಳೆದದ್ದೇ ಎಳೆದದ್ದು. "ಇದೇ ಅಮ್ಮ" ಎಂದಳು. ನನಗೂ ಅದೇ ಸರಿ ಕಂಡಿತು.

ಅಷ್ಟರಲ್ಲಿ ಕುರ್ಚಿಯ ಕಡೆಯಿಂದ ಒಂದು ಸದ್ದು ಬಂತು. ನಮ್ಮ ಗಮನ ತಪ್ಪಿಸಿ ಹೊರಗೆ ಬಂದಿದ್ದ ಕಾಫಿ ಬಣ್ಣದ ಮರಿಯೊಂದು ಇವರ ಕುರ್ಚಿಯ ಅಡಿಯಲ್ಲಿ ಕುಳಿತಿತ್ತು. ಇವರು ಬಗ್ಗಿ ಎಡಗೈಯನ್ನು ಕೆಳಗೆ ಚಾಚಿದ್ದರು.

"ಬಾ" ಎಂದರು.

ಮೆತ್ತಗೆ, ಉಸಿರಿನ ಜೊತೆ ಬಂದ ಮಾತು. ಮರಿ ಹೊರಗೆ ಬಂದು ಬೆರಳು ನೆಕ್ಕಿತು. ಇವರು ಮತ್ತೊಮ್ಮೆ "ಬಾ" ಎಂದರು, ತಾವೇ ಹೇಳಿದ್ದೋ ಎಂದು ಪರೀಕ್ಷಿಸುವವರ ಹಾಗೆ. ಮಗಳು ಬೆಲ್ಲದ ಬಣ್ಣದ್ದನ್ನು ಹಿಡಿದುಕೊಂಡೇ ಅಳಲು ಶುರು ಮಾಡಿದಳು. ನಾನು ಅಳಲಿಲ್ಲ. ನನಗೆ ಆಗ ಬಂದದ್ದು ಒಂದು ಥರದ ಭಯ, ಎಲ್ಲಿ ಈ ಪದವೂ ಬಿದ್ದುಹೋಗುತ್ತದೋ ಎಂದು. ಆರಿಸುವುದು ಅಲ್ಲಿಗೆ ಮುಗಿಯಿತು. ಕಿವಿ ಹಲ್ಲು ಯಾರೂ ನೋಡಲಿಲ್ಲ.

ಮರಿಗೆ ಎರಡು ತಿಂಗಳಾಗಿದೆ, ಮೊದಲ ಇಂಜೆಕ್ಷನ್ ಆಗಿದೆ, ಬೇಕಾದರೆ ಇವತ್ತೇ ಕರೆದುಕೊಂಡು ಹೋಗಬಹುದು ಎಂದು ಟೀಚರ್ ಹೇಳುವಾಗಲೇ ನನ್ನ ಫೋನ್ ಬಡಿಯಿತು. ಮರ್ಕಂಜದ ಅತ್ತಿಗೆ, ಇವರ ಅಕ್ಕ. ದಿನಾ ಆ ಹೊತ್ತಿಗೆ ತಮ್ಮನ ವಿಚಾರಣೆಗೆ ಫೋನ್ ಮಾಡುವವರು. ಖುಷಿಯಲ್ಲಿ ನಾನು ಎಲ್ಲ ಹೇಳಿದೆ.

"ಬಾ ಅಂತ ಹೇಳಿದನಾ" ಎಂದು ಕೇಳಿದರು. ಮೂಗು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ, "ಆದ್ರೆ ಈಗ ಆಟಿ ಅಲ್ವಾ. ಆಟಿಯಲ್ಲಿ ಹೊಸತು ಎಂತಾದ್ರೂ ಮನೆ ಒಳಗೆ ತರುದುಂಟಾ? ಅದೂ ಜೀವ ಇರುವಂಥದ್ದು. ಸೋಣ ತಿಂಗಳು ಬರ್ಲಿ. ನಾನೇ ಬರ್ತೇನೆ, ದೀಪ ಹಚ್ಚಿ ಒಳಗೆ ಕರ್ಕೊಳ್ಳುವ" ಎಂದರು.

ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಆಟಿ ನಮಗೆ ಸುಮ್ಮನಿರುವ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಪಾತ್ರೆ ಕೂಡ ತರುವುದಿಲ್ಲ. ಹಿಂದೆ ಮಳೆ, ರೋಗ, ಹಸಿವು ಮೂರೂ ಒಟ್ಟಿಗೆ ಬರುತ್ತಿದ್ದ ತಿಂಗಳು ಎಂದು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಪಾಠ ಮಾಡಲು ಬರುತ್ತದೆ, ಅತ್ತಿಗೆಗೆ ಹೇಳಲು ಬರುವುದಿಲ್ಲ. ಅವರು ತಾಯಿ ಸತ್ತ ಮೇಲೆ ಈ ತಮ್ಮನನ್ನು ಸೊಂಟದಲ್ಲಿ ಹೊತ್ತು ಸಾಕಿದವರು. ಏಪ್ರಿಲಿನಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅವರು ಯಾವ ಯಾವ ದೈವಕ್ಕೆ ಏನೇನು ಹೇಳಿಕೊಂಡರೋ. ಇನ್ನು ಯಾವುದನ್ನೂ ಕೆಣಕಲು ಅವರಿಗೆ ಧೈರ್ಯವಿರಲಿಲ್ಲ. ಕೆಣಕಿ ಏನಾದರೂ ಆದರೆ ಎಂದು ಯೋಚಿಸಲು ನನಗೂ ಧೈರ್ಯವಿರಲಿಲ್ಲ.

ಅತ್ತಿಗೆಯ ಮಾತನ್ನು ಹೇಳಿದಾಗ ಟೀಚರ್ ಸಹ ಹೌದೆಂದು ತಲೆಯಾಡಿಸಿದರು. "ನಿಜ ಹೇಳುದಾದ್ರೆ ಆಟಿಯಲ್ಲಿ ಕೊಡ್ಲಿಕ್ಕೆ ನನಗೂ ಮನಸ್ಸಿಲ್ಲ. ಕೇಳಿದವರಿಗೆ ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂತ ಸುಮ್ಮನಿದ್ದೆ. ಇಲ್ಲೇ ಇರಲಿ, ಎರಡನೇ ಇಂಜೆಕ್ಷನೂ ಆಗ್ತದೆ, ಒಳ್ಳೆದೇ ಆಯ್ತು." ಇಂಜೆಕ್ಷನ್ ಎಂದ ಮೇಲೆ ಮಗಳಿಗೂ ಸಮಾಧಾನವಾಯಿತು. ಅತ್ತಿಗೆಯ ಭಯ, ಟೀಚರ ಹಿಂಜರಿಕೆ, ಮಗಳ ವಿಜ್ಞಾನ, ಮೂರೂ ಒಂದೇ ಮಾತು ಹೇಳಿದವು. ಇಂಥ ಒಮ್ಮತ ನಮ್ಮ ಮನೆಯಲ್ಲಿ ಹಿಂದೆಂದೂ ಆದದ್ದಿಲ್ಲ. ಇವರನ್ನು ಯಾರೂ ಕೇಳಲಿಲ್ಲ. ವ್ಯಾನ್ ತಿರುಗುವಾಗ ಇವರು ಕುತ್ತಿಗೆ ಹೊರಳಿಸಿ ಆ ಜಗಲಿಯನ್ನೇ ನೋಡುತ್ತ "ಬಾ, ಬಾ" ಎನ್ನುತ್ತಿದ್ದರು.

ಆ ಆಟಿ ನಮಗೆ ಒಳ್ಳೆಯದೇ ಆಗಿತ್ತು. ಈಗ ನೆನೆಸಿದರೆ ಸಿಟ್ಟು ಬರುವುದೂ ಅದಕ್ಕೇ. ದಿನವಿಡೀ ಬಾಯಿ ಬಿಗಿದು ಕೂರುತ್ತಿದ್ದವರು ಬೆಳಿಗ್ಗೆ ಎದ್ದ ಕೂಡಲೇ "ಬಾ" ಎಂದು ಶುರು ಮಾಡುತ್ತಿದ್ದರು. ಚಪ್ಪಲಿಗೆ ಬಾ, ತಲೆದಿಂಬಿಗೆ ಬಾ, ಕಿಟಕಿಯ ಹೊರಗಿನ ಕಾಗೆಗೆ ಬಾ. ಪುತ್ತೂರಿನ ಹುಡುಗಿಗೆ ಎಷ್ಟು ಸಂತೋಷವೆಂದರೆ, ತನ್ನ ಚಿತ್ರಗಳನ್ನೆಲ್ಲ ಬದಿಗಿಟ್ಟು ಆ ಒಂದು ಪದವನ್ನು ಹಿಡಿದುಕೊಂಡಳು. "ಹೊಟ್ಟೆಯಿಂದ ಸ್ವರ ಬರ್ಲಿ ಅಂಕಲ್, ಗಟ್ಟಿ, ಇನ್ನೂ ಗಟ್ಟಿ" ಎನ್ನುತ್ತಿದ್ದಳು. ಗಟ್ಟಿಯಾದಷ್ಟು ಅದು ಬೇರೆ ಪದಗಳಿಗೂ ದಾರಿ ಮಾಡುತ್ತದೆ ಎಂದು ಅವಳ ಲೆಕ್ಕ. ಬಂತು ಕೂಡ. 'ಬಾ'ದ ಹಿಂದೆ ಒಂದು ದಿನ 'ಬಾಯಿ', ಇನ್ನೊಂದು ದಿನ ಮಗಳನ್ನು ನೋಡಿ 'ಬಾಲೆ'. ತುಳುವಿನಲ್ಲಿ ಮಗುವಿಗೆ ಬಾಲೆ ಎನ್ನುವುದು. ಅವಳು ಸಣ್ಣವಳಿದ್ದಾಗ ಇವರು ಕರೆಯುತ್ತಿದ್ದದ್ದು ಹಾಗೆಯೇ.

ಸ್ವರದ ಮೇಲೆ ಮಾತ್ರ ಹಿಡಿತವಿರಲಿಲ್ಲ. ಮೆತ್ತಗೆ ಹೇಳಲು ಹೋದರೆ ಬರುವುದೇ ಇಲ್ಲ, ಬಲ ಹಾಕಿದರೆ ಸ್ಫೋಟವಾದ ಹಾಗೆ ಬರುತ್ತದೆ. ಕುತ್ತಿಗೆಯ ನರ ಉಬ್ಬಿ, ಮುಖ ಕೆಂಪಾಗಿ, "ಬಾ" ಎಂದರೆ ಅಂಗಡಿ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಹೊರಗಿನಿಂದ "ಬಂದೆ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ಅಕ್ಕಪಕ್ಕದವರು ಸ್ವರ ವಾಪಸು ಬಂತಲ್ಲ ಟೀಚರೇ ಎಂದು ಕೇಳುವಾಗ ನನಗೆ ಹೆಮ್ಮೆಯೇ ಆಗುತ್ತಿತ್ತು. ಮಗಳು ಮರಿಗೆ ಬಟ್ಟಲು, ಬಾಚಣಿಗೆ, ಹಾಸಿಗೆ ತಂದಿಟ್ಟಳು. ಆಟಿಯಲ್ಲಿ ನಾಯಿ ತರಬಾರದು, ನಾಯಿಯ ಬಟ್ಟಲು ತರಬಹುದು ಎಂದು ಅತ್ತಿಗೆಯ ತೀರ್ಪು.

ಆಟಿ ಕಳೆದು, ಸೋಣ ಸಂಕ್ರಮಣದ ಮರುದಿನ ಮರಿ ಬಂತು. ಕರೆತರಲು ಮಗಳು ಮಾತ್ರ ಹೋಗಿದ್ದಳು. ಮರ್ಕಂಜದಿಂದ ಅತ್ತಿಗೆ ಬೆಳಿಗ್ಗೆಯೇ ಬಂದು ದೀಪ ಹಚ್ಚಿ, ಪಾಯಸಕ್ಕೆ ಇಟ್ಟಿದ್ದರು. ಇವರು ಬಿಳಿ ಅಂಗಿ ಹಾಕಿಸಿಕೊಂಡು ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕೂತುಕೊಳ್ಳಿ ಎಂದರೆ ಕೇಳಲಿಲ್ಲ. ಮನೆಗೆ ಬರುವವರನ್ನು ನಿಂತೇ ಕರೆಯುವುದು ಇವರ ರೂಢಿ.

ಮಗಳು ಮರಿಯನ್ನು ಜಗಲಿಯಲ್ಲಿ ಇಳಿಸಿದಳು. ಉದ್ದಕ್ಕೆ ಬೆಳೆದಿತ್ತು, ಮುಖದ ಕೂದಲು ತೆಗೆಸಿ ಚೆಂದ ಮಾಡಿದ್ದರು. ಬಾಲ ಅಲ್ಲಾಡಿಸುತ್ತ ಒಂದೆರಡು ಹೆಜ್ಜೆ ಬಂತು. ಇವರು ಅದರ ಕಡೆಗೆ ಹೊರಟರು. ಕೋಲಿನ ಕಬ್ಬಿಣದ ಕಾಲು ಟೈಲ್ಸಿನ ಮೇಲೆ ಟಕ್ ಎಂದಿತು, ಹಿಂದೆಯೇ ಎಳೆದ ಕಾಲಿನ ಸದ್ದು. ಮತ್ತೆ, ಒಂದು ತಿಂಗಳು ಅಭ್ಯಾಸ ಮಾಡಿದ್ದ ಅಷ್ಟೂ ಬಲದಿಂದ, "ಬಾ."

ಮರಿ ನಿಂತಲ್ಲೇ ಉಚ್ಚೆ ಹೊಯ್ದು, ಕುಂಯ್‌ಗುಡುತ್ತ, ಶೂ ಇಡುವ ಸ್ಟ್ಯಾಂಡಿನ ಹಿಂದೆ ನುಗ್ಗಿತು.

"ಹೊಸ ಮನೆ ಅಲ್ವಾ. ನಾಳೆಗೆ ಸರಿಯಾಗ್ತದೆ" ಎಂದರು ಅತ್ತಿಗೆ. ಇವರು ಸ್ಟ್ಯಾಂಡಿನ ಹತ್ತಿರ ಹೋಗಿ ಮತ್ತೆ ಕರೆದರು, ಮತ್ತೆ ಕರೆದರು. ಹಿಂದಿನಿಂದ ಕುಂಯ್‌ಗುಡುವ ಸದ್ದು ಬಿಟ್ಟರೆ ಏನಿಲ್ಲ. ಪಾಯಸ ಎಲ್ಲರೂ ಉಂಡೆವು.

ನಾಳೆಗೆ ಸರಿಯಾಗಲಿಲ್ಲ. ಮರಿ ಮಗಳನ್ನು ಹಚ್ಚಿಕೊಂಡಿತು, ನನ್ನನ್ನು ಹಚ್ಚಿಕೊಂಡಿತು, ಮೆಕ್ಯಾನಿಕ್ಕನ್ನೂ ಹಚ್ಚಿಕೊಂಡಿತು. ಯಾರಿಗಾಗಿ ತಂದದ್ದೋ ಅವರನ್ನು ಕಂಡರೆ ಮಂಚದಡಿ. ಮಗಳು ಕೋಲಿನ ಕಾಲುಗಳಿಗೆ ಹಳೆಯ ಟ್ಯೂಬಿನ ರಬ್ಬರ್ ಕಟ್ಟಿದಳು. ಇವರ ಕೈಯಿಂದಲೇ ಊಟ ಹಾಕಿಸಿದಳು. ಇವರ ಬನಿಯನನ್ನು ಅದರ ಹಾಸಿಗೆಗೆ ಹಾಸಿದಳು. ಕುರ್ಚಿಯಲ್ಲಿ ಕೂತಿದ್ದರೆ ಮರಿ ಅರ್ಧ ದಾರಿ ಬರುತ್ತಿತ್ತು, ಕತ್ತು ಚಾಚಿ ಮೂಸುತ್ತಿತ್ತು. ಅಷ್ಟು ಹತ್ತಿರ ಬಂದದ್ದು ನೋಡಿ ಇವರಿಗೆ ತಡೆಯಲಾಗುತ್ತಿರಲಿಲ್ಲ. "ಬಾ" ಎಂದುಬಿಡುತ್ತಿದ್ದರು. ಅಲ್ಲಿಗೆ ಓಟ.

"ಮೆತ್ತಗೆ ಹೇಳಿ ಅಪ್ಪ, ಮೆತ್ತಗೆ" ಎಂದು ಮಗಳು ಹೇಳುವಾಗ ಇವರು ಎಷ್ಟು ಪ್ರಯತ್ನ ಮಾಡುತ್ತಿದ್ದರೆಂದು ನಾನು ನೋಡಿದ್ದೇನೆ. ತುಟಿ ಸೇರಿಸಿ, ಕಣ್ಣು ಮುಚ್ಚಿ, ಉಸಿರು ಹಿಡಿದು. ಬಂದದ್ದು ಅದೇ ಸ್ಫೋಟ. ಸವಣೂರಿನಲ್ಲಿ ಬಂದ ಆ ಮೆತ್ತಗಿನ ಮಾತು ಎಲ್ಲಿಂದ ಬಂದಿತ್ತೋ, ಅದು ಮತ್ತೆ ಬರಲೇ ಇಲ್ಲ. ಗಟ್ಟಿ ಹೇಳಿ ಎಂದು ಕಲಿಸಿದವರೂ ನಾವೇ, ಮೆತ್ತಗೆ ಹೇಳಿ ಎನ್ನುವವರೂ ನಾವೇ.

ಸುಳ್ಯದಲ್ಲಿ ಒಬ್ಬ ನಾಯಿ ಡಾಕ್ಟರಿಗೆ ತೋರಿಸಿದೆವು. ಅವರು ಮರಿಯ ಕಿವಿ, ಕಣ್ಣು, ಮೊಣಕಾಲು ಎಲ್ಲ ನೋಡಿ ಒಳ್ಳೆಯ ಮರಿ ಎಂದರು. ಯಾವಾಗ ತಂದಿರಿ ಎಂದು ಕೇಳಿದರು. ಎರಡು ತಿಂಗಳಿದ್ದಾಗ ನೋಡಿದ್ದು, ಮೂರು ತುಂಬಿದ ಮೇಲೆ ತಂದದ್ದು ಎಂದು ಹೇಳಿದೆ.

"ಆಗಲೇ ತರ್ಬೇಕಿತ್ತು ನೀವು. ಆ ಪ್ರಾಯದಲ್ಲಿ ಮನೆಯ ಶಬ್ದ, ಮನೆಯವರ ನಡಿಗೆ ಎಲ್ಲ ಅಭ್ಯಾಸ ಆಗ್ತದೆ, ಬೇಗ ಆಗ್ತದೆ. ಅದು ಕಳೆದ ಮೇಲೆ ಹೆದರಿಕೆ ಕೂತ್ರೆ ತೆಗಿಲಿಕ್ಕೆ ಸ್ವಲ್ಪ ಕಷ್ಟ. ಅದರಲ್ಲೂ ಈ ಜಾತಿಗೆ ನೆನಪು ಜಾಸ್ತಿ. ಯಾಕೆ ಬಿಟ್ಟದ್ದು ಅಷ್ಟು ದಿನ?"

ಆಟಿ ಎಂದೆ. ಅವರೂ ನಮ್ಮ ಕಡೆಯವರೇ. "ಹೌದಲ್ಲ" ಎಂದು ಮರಿಯನ್ನು ಮೇಜಿನಿಂದ ಎತ್ತಿ ನನ್ನ ಕೈಗೆ ಕೊಟ್ಟರು. ಆ ತಿಂಗಳನ್ನು ಯಾರ ತಲೆಗೂ ಕಟ್ಟಲು ನನಗೆ ಬರುವುದಿಲ್ಲ. ಯಾರೂ ಕೆಟ್ಟದು ಮಾಡಲಿಲ್ಲ, ಎಲ್ಲರೂ ಇವರ ಒಳ್ಳೆಯದಕ್ಕೇ ಮಾಡಿದರು. ಒಬ್ಬರಾದರೂ ಕೆಟ್ಟವರು ಸಿಕ್ಕಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು. ಅತ್ತಿಗೆಗೆ ಈ ಮಾತನ್ನು ನಾನು ಇವತ್ತಿಗೂ ಹೇಳಿಲ್ಲ. ಅವರು ಫೋನ್ ಮಾಡಿದಾಗಲೆಲ್ಲ "ನಾಯಿ ಹೊಂದಿಕೊಂಡಿತಾ?" ಎಂದು ಕೇಳುತ್ತಾರೆ. ಹೊಂದಿಕೊಂಡಿದೆ ಅತ್ತಿಗೆ ಎನ್ನುತ್ತೇನೆ.

ಆಮೇಲಿನದು ನಿಧಾನವಾಗಿ ಆಯಿತು. ಮೊದಲು ಇವರು ಕರೆಯುವುದನ್ನು ಕಡಿಮೆ ಮಾಡಿದರು. ಕಾಗೆಗೆ, ಚಪ್ಪಲಿಗೆ ಹೇಳುತ್ತಿದ್ದ 'ಬಾ' ನಿಂತಿತು. ಪುತ್ತೂರಿಗೆ ಹೋದರೆ ಆ ಹುಡುಗಿಯ ಎದುರು ಮತ್ತೆ ಗೋಡೆ ನೋಡುವುದು. ಒಂದು ದಿನ ಮಗಳು, "ಬಾಲೆ ಅಂತ ಹೇಳಿ ಅಪ್ಪ, ಒಂದು ಸಲ" ಎಂದು ಎದುರು ಕುಳಿತು ಬೇಡಿದಳು. ಇವರು ಅವಳ ತಲೆ ಸವರಿದರು, ಹೇಳಲಿಲ್ಲ. ಮರಿಯನ್ನು ಟೀಚರಿಗೇ ವಾಪಸು ಕೊಡುವ ಎಂದು ನಾನು ಅಡಿಗೆಮನೆಯಲ್ಲಿ ಮಗಳ ಹತ್ತಿರ ಹೇಳಿದ್ದು ಹೇಗೋ ಇವರ ಕಿವಿಗೆ ಬಿತ್ತು. ಉಂಟು ಉಂಟು ಉಂಟು ಎಂದು ಮೇಜು ಬಡಿದ ಪೆಟ್ಟಿಗೆ ಲೋಟ ಉರುಳಿತು. ಈ ಸಲ ಅದು 'ಇಲ್ಲ' ಎಂದು ತಿಳಿಯಲು ನಮಗೆ ಕಷ್ಟವಾಗಲಿಲ್ಲ. ಇವರ ಬಾಯಿಂದ ನಾನು ಕೇಳಿದ ಕೊನೆಯ 'ಉಂಟು' ಅದೇ.

ನವೆಂಬರಿನ ಒಂದು ಶನಿವಾರ, ಮಧ್ಯಾಹ್ನ ಶಾಲೆ ಬಿಟ್ಟು ಬಂದೆ. ಬಾಗಿಲು ಓರೆಯಾಗಿತ್ತು. ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕೋಲು ಕೈಗೆ ಎಟುಕದಷ್ಟು ದೂರ, ಗೋಡೆಯ ಹತ್ತಿರ. ಬೇಕೆಂದೇ ಅಲ್ಲಿಟ್ಟು ಗೋಡೆ ಹಿಡಿದು ಬಂದಿರಬೇಕು. ಮರಿ ಇವರ ಬಲಗಾಲಿನ ಮೇಲೆ ಗಲ್ಲವಿಟ್ಟು ಮಲಗಿತ್ತು. ಆ ಕಾಲಿಗೆ ಸ್ಪರ್ಶ ತಿಳಿಯುವುದಿಲ್ಲ. ಆದರೆ ಇವರು ಅದನ್ನು ನೋಡುತ್ತಿದ್ದ ರೀತಿ ನೋಡಿದರೆ ತಿಳಿಯುತ್ತಿದೆ ಎಂದೇ ಅನ್ನಿಸಬೇಕು. ಎಡಗೈ ಅದರ ಗುಂಗುರು ಕೂದಲೊಳಗೆ ನಿಧಾನ ಆಡುತ್ತಿತ್ತು. ಮುಖದಲ್ಲಿ ಆ ಒಂದೇ ಕಡೆಯ ನಗು.

ನನಗೆ ಎಷ್ಟು ಖುಷಿಯಾಯಿತೆಂದರೆ, ಚೀಲ ಕೂಡ ಇಳಿಸದೆ ಬಾಗಿಲಲ್ಲೇ ನಿಂತು ಪಿಸುಗುಟ್ಟಿದೆ. ಆಯ್ತಲ್ಲ, ಬಂತಲ್ಲ, ಇನ್ನು ಕರೀರಿ, ಒಂದು ಸಲ ಬಾ ಅನ್ನಿ ಎಂದೆ. ಮರಿ ಕಣ್ಣು ತೆರೆಯಿತು, ಕಾಲುಗಳು ಏಳಲು ತಯಾರಾದವು. ಇವರು ನನ್ನ ಕಡೆ ಗಾಬರಿಯಿಂದ ನೋಡಿ ತಲೆಯಾಡಿಸಿದರು. ಬೇಡ ಎಂದು. ಮರಿ ಮತ್ತೆ ಗಲ್ಲ ಊರುವ ತನಕ ಉಸಿರನ್ನೂ ಬಿಡದೆ ಕೂತರು.

ಆಗ ನನಗೆ ತಿಳಿಯಿತು. ಇದು ಆ ದಿನ ಆದದ್ದಲ್ಲ. ನಾನು ಶಾಲೆಗೆ, ಮಗಳು ಪುತ್ತೂರಿಗೆ ಹೋದ ಮೇಲೆ ದಿನಾ ಇವರು ಹೀಗೆಯೇ ಕೂತು, ಕೋಲು ದೂರವಿಟ್ಟು, ಬಾಯಿ ಮುಚ್ಚಿ, ಈ ಮರಿಯನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದುಕೊಂಡಿದ್ದರು. ಮಾತು ಬರಲಿ ಎಂದು ನಾವು ನಾಯಿ ತಂದೆವು. ನಾಯಿ ಹತ್ತಿರ ಬರಬೇಕಾದರೆ ಮಾತಾಡಬಾರದು ಎಂದು ಇವರು ಕಂಡುಕೊಂಡರು.

ಪುತ್ತೂರಿನ ಹುಡುಗಿ ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕು ಎಂದಿದ್ದಾಳೆ. ಬೇಡ ಎಂದು ಹೇಳಲು ಅವಳಿಗೆ ದಾಕ್ಷಿಣ್ಯ. ಮಗಳಿಗೆ ಸುಳ್ಯದಲ್ಲಿ ಕೆಲಸ ಸಿಕ್ಕಿದೆ, ಬೆಳಿಗ್ಗೆ ಹೋದರೆ ಬರುವಾಗ ಸಂಜೆ. ಭಾನುವಾರ ಅಂಗಡಿಯೂ ಮುಚ್ಚಿರುತ್ತದೆ, ಮನೆಯಲ್ಲಿ ಒಂದು ಸದ್ದಿಲ್ಲ. ಮೊನ್ನೆಯ ಭಾನುವಾರ ಮಗಳೂ ಮನೆಯಲ್ಲಿರಲಿಲ್ಲ, ನನಗೆ ಸಾಕಾಯಿತು. ಇವರ ಎದುರು ನೆಲದ ಮೇಲೆ ಕುಳಿತೆ. ಮರಿ ಎಂದಿನ ಹಾಗೆ ಆ ಕಾಲಿನ ಮೇಲಿತ್ತು.

"ನಾಯಿಯನ್ನು ಕರೆಯುದು ಬೇಡ" ಎಂದೆ. "ನನ್ನನ್ನಾದ್ರೂ ಕರೀರಿ. ಉಂಟು ಅಂತಾದ್ರೂ ಹೇಳಿ. ನಿಮ್ಮ ಸ್ವರ ಕೇಳದೆ ನನಗೆ ಆಗುದಿಲ್ಲ."

ನನ್ನ ಗಂಟಲು ಸ್ವಲ್ಪ ಏರಿರಬೇಕು, ಮರಿ ತಲೆ ಎತ್ತಿತು. ಇವರು ಎಡಗೈಯನ್ನು ಅದರ ಬೆನ್ನಿನಿಂದ ತೆಗೆದು, ಬೆರಳನ್ನು ತಮ್ಮ ತುಟಿಯ ಮೇಲಿಟ್ಟು, ಸುಮ್ಮನಿರು ಎಂದು ನನಗೆ ತೋರಿಸಿದರು.